ಸಾಮಾನಿನ ಚೀಟಿ



ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಹಿರಿಯರಿದ್ದರೆ ಅವರನ್ನು ಒಂದು ಮಾತು ಕೇಳಿ ನೋಡಿ: ನಿಮ್ಮ ಕಾಲದಲ್ಲಿ ತಿಂಗಳ ಸಾಮಾನು ಹೇಗೆ ತರುತ್ತಿದ್ದಿರಿ? ಸೊಲ್ಲಾಪುರವಿರಲಿ, ಹೊಸೂರಿರಲಿ, ಕಾಸರಗೋಡಿರಲಿ, ಉತ್ತರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ತಾಯಿ ಅಡಿಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿ, ತೀರಿದ್ದನ್ನು ಹೇಳುವುದು. ಶಾಲೆಗೆ ಹೋಗುವ ಮಗ ಅದನ್ನು ಚೀಟಿಯಲ್ಲಿ ಬರೆಯುವುದು. ಬೇಳೆ ಇಷ್ಟು, ಬೆಲ್ಲ ಇಷ್ಟು, ಎಣ್ಣೆ ಇಷ್ಟು. ಆ ಚೀಟಿ ಕಿರಾಣಿ ಅಂಗಡಿಯವರ ಕೈಸೇರಿದರೆ, ಅವರು ಅದರಲ್ಲಿದ್ದಷ್ಟನ್ನು ತೂಗಿ, ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಏನು ಬೇಕೆಂಬುದು ಮನೆಯಲ್ಲೇ ತೀರ್ಮಾನವಾಗಿರುತ್ತಿತ್ತು.

ಈಗ ನಮ್ಮಲ್ಲಿ ಬಹಳ ಮಂದಿ ಚೀಟಿ ಇಲ್ಲದೆ ಹೊರಡುತ್ತೇವೆ. ಒಂದು ಸಾಬೂನು ತರಲು ಹೋಗಿ, ಹತ್ತಾರು ಬಗೆಯ ಸಾಬೂನುಗಳ ಮುಂದೆ ಗಲಿಬಿಲಿಗೊಂಡು ನಿಲ್ಲುತ್ತೇವೆ. ಮರಳಿ ಬರುವಾಗ ಚೀಲದಲ್ಲಿ ಸಾಬೂನಿನ ಜೊತೆಗೆ ಬೇಡದ ನಾಲ್ಕು ವಸ್ತುಗಳಿರುತ್ತವೆ. ಆಮೇಲೆ ನಮ್ಮ ಮನಸ್ಸಿನ ಚಾಪಲ್ಯವನ್ನು ನಾವೇ ಬೈದುಕೊಳ್ಳುತ್ತೇವೆ. ಆದರೆ ತಪ್ಪೆಲ್ಲ ಮನಸ್ಸಿನದೇ ಅಲ್ಲ. ಅಂಗಡಿಗೂ ಒಂದು ಇತಿಹಾಸವಿದೆ. ಅದನ್ನು ತಿಳಿದುಕೊಂಡರೆ, ನಾವು ಎಲ್ಲಿ ಎಡವುತ್ತಿದ್ದೇವೆ ಎಂಬುದು ಕಾಣುತ್ತದೆ.

ಮೊದಲು ಇಂಗ್ಲೆಂಡಿನ ರೋಚ್‌ಡೇಲ್ ಪಟ್ಟಣಕ್ಕೆ ಹೋಗೋಣ. ಅದು ನೇಕಾರರ ಊರು. ಕೂಲಿ ಕಡಿಮೆ, ಸಾಲ ಹೆಚ್ಚು. ಸಾಲ ಕೊಡುವ ಅಂಗಡಿಯವರು ಕಲಬೆರಕೆ ಹಿಟ್ಟು ಕೊಟ್ಟರೂ ಬಾಯಿ ಬಿಡುವಂತಿರಲಿಲ್ಲ. 1844ರಲ್ಲಿ ಇಪ್ಪತ್ತೆಂಟು ಜನ ಸೇರಿ, ಒಬ್ಬೊಬ್ಬರು ಒಂದು ಪೌಂಡಿನಂತೆ ಹಣ ಕೂಡಿಸಿ, ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಬೀದಿಯಲ್ಲಿ ತಮ್ಮದೇ ಅಂಗಡಿ ತೆರೆದರು. ಅಲ್ಲಿದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸ್ ಹಿಟ್ಟು, ಮೇಣದ ಬತ್ತಿ, ಇಷ್ಟೇ. ಆದರೆ ಕಲಬೆರಕೆ ಇಲ್ಲ, ತೂಕದಲ್ಲಿ ಮೋಸವಿಲ್ಲ, ಉದ್ರಿಯೂ ಇಲ್ಲ. ಬಂದ ಲಾಭದಲ್ಲಿ, ಯಾರು ಎಷ್ಟು ಕೊಂಡಿದ್ದರೋ ಆ ಪ್ರಮಾಣದಲ್ಲಿ ಹಂಚಿಕೆ. ಜಗತ್ತಿನ ಬಳಕೆದಾರರ ಸಹಕಾರ ಚಳವಳಿಗೆ ದಾರಿ ತೋರಿದ್ದು ನಾಲ್ಕೈದು ಪದಾರ್ಥಗಳ ಆ ಚಿಕ್ಕ ಅಂಗಡಿ. ಆ ನೇಕಾರರು ಕೇಳಿದ್ದು ನೂರು ಬಗೆಯ ಸರಕನ್ನಲ್ಲ. ಬೇಕಾದ ಐದು ಪದಾರ್ಥ ಶುದ್ಧವಾಗಿ ಸಿಗಲಿ, ಸಾಲದ ಹಗ್ಗ ಕೊರಳಿಗೆ ಬೀಳದಿರಲಿ ಎಂದಷ್ಟೇ.

ಈ ಗಾಳಿ ನಮ್ಮ ಕಡೆಗೂ ಬೀಸಿತು. 1904ರಲ್ಲಿ ಮದರಾಸಿನ ಟ್ರಿಪ್ಲಿಕೇನಿನಲ್ಲಿ ಬಳಕೆದಾರರ ಸಹಕಾರ ಸಂಘ ಹುಟ್ಟಿತು. ಅದರ ಮರುವರ್ಷ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಗದಗ, ಸೊಲ್ಲಾಪುರ ಎರಡೂ ಆಗ ಒಂದೇ ಮುಂಬೈ ಪ್ರಾಂತದಲ್ಲಿದ್ದವು ಎಂಬುದನ್ನು ನೆನಪಿಡಿ. ಒಂದು ಅಂಗಡಿಯ ಸಂಘ, ಇನ್ನೊಂದು ಸಾಲದ ಸಂಘ. ಆದರೂ ಎರಡರ ಹಿಂದೆಯೂ ಇದ್ದ ವಿಚಾರ ಒಂದೇ: ಮನೆಯ ಅಗತ್ಯವನ್ನು ಅಳೆಯುವ ಅಳತೆಗೋಲು ಮನೆಯವರ ಕೈಯಲ್ಲೇ ಇರಬೇಕು.

ಅಳತೆಗೋಲು ಕೈ ಬದಲಿಸಿದ್ದು ಅಮೆರಿಕದಲ್ಲಿ. 1916ರ ಸೆಪ್ಟೆಂಬರಿನಲ್ಲಿ ಮೆಂಫಿಸ್ ಎಂಬ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬವರು 'ಪಿಗ್ಲಿ ವಿಗ್ಲಿ' ಎಂಬ ಅಂಗಡಿ ತೆರೆದರು. ಅಲ್ಲಿ ಚೀಟಿ ಕೊಟ್ಟು ಕಾಯಬೇಕಿರಲಿಲ್ಲ. ಗಿರಾಕಿಯೇ ಬುಟ್ಟಿ ಹಿಡಿದು ಒಳಗೆ ನಡೆದು, ಬೇಕಾದ್ದನ್ನು ಎತ್ತಿಕೊಳ್ಳಬಹುದಿತ್ತು. ಆದರೆ ಒಳಗಿನ ದಾರಿಯನ್ನು ಹೇಗೆ ಮಾಡಿದ್ದರೆಂದರೆ, ಎಲ್ಲ ಸರಕುಗಳ ಮುಂದೆಯೂ ಹಾದುಹೋಗದೆ ಹೊರಬರಲಾಗುತ್ತಿರಲಿಲ್ಲ. ಈ ಏರ್ಪಾಟಿಗೆ ಅವರು 1917ರಲ್ಲಿ ಪೇಟೆಂಟನ್ನೂ ಪಡೆದರು. ಅಲ್ಲಿಯವರೆಗೆ ಗಿರಾಕಿ ಸರಕನ್ನು ಕೇಳುತ್ತಿದ್ದ. ಅಂದಿನಿಂದ ಸರಕೇ ಗಿರಾಕಿಯನ್ನು ಕೇಳತೊಡಗಿತು: ನಾನು ಬೇಡವೆ?

ಬುಟ್ಟಿಯಲ್ಲಿ ಒಂದು ತೊಡಕಿತ್ತು. ಅದು ತುಂಬಿ ಭಾರವಾದೊಡನೆ ಜನ ಕೊಳ್ಳುವುದನ್ನು ನಿಲ್ಲಿಸುತ್ತಿದ್ದರು. ಇದನ್ನು ಗಮನಿಸಿದ ಒಕ್ಲಹೋಮಾ ನಗರದ ಅಂಗಡಿಕಾರ ಸಿಲ್ವನ್ ಗೋಲ್ಡ್‌ಮನ್ 1937ರಲ್ಲಿ ಗಾಲಿಗಳ ಮೇಲೆ ಎರಡು ಬುಟ್ಟಿಗಳನ್ನಿಟ್ಟು ತಳ್ಳುಗಾಡಿ ಮಾಡಿಸಿದರು. ಮೊದಮೊದಲು ಜನ ಅದನ್ನು ಮುಟ್ಟಲಿಲ್ಲ. ಆಗ ಅವರು ಕೂಲಿ ಕೊಟ್ಟು ಕೆಲವರನ್ನು ಕರೆಸಿ, ಗಿರಾಕಿಗಳಂತೆ ಗಾಡಿ ತಳ್ಳಿಸಿದರು. ನೋಡಿದವರೂ ತಳ್ಳತೊಡಗಿದರು. 'ಇನ್ನು ಸಾಕು' ಎಂದು ಹೇಳುತ್ತಿದ್ದ ತೋಳಿನ ನೋವು ಹೀಗೆ ಹೋಯಿತು. ಇಂದು ನಮ್ಮ ಮೊಬೈಲಿನ ಪರದೆಯ ಮೇಲೆ ಅದೇ ತಳ್ಳುಗಾಡಿಯ ಪುಟ್ಟ ಚಿತ್ರವಿದೆ. ಅದಕ್ಕೆ ಭಾರವೂ ಇಲ್ಲ, ತಳವೂ ಇಲ್ಲ.

ಆಯ್ಕೆ ಹೆಚ್ಚಿದ್ದಷ್ಟೂ ಸುಖ ಹೆಚ್ಚು ಎಂಬ ಮಾತನ್ನೂ ಕೆಲವರು ಪರೀಕ್ಷಿಸಿ ನೋಡಿದ್ದಾರೆ. ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಒಂದು ಅಂಗಡಿಯಲ್ಲಿ ಒಮ್ಮೆ 24 ಬಗೆಯ ಜಾಮ್, ಇನ್ನೊಮ್ಮೆ ಆರೇ ಬಗೆಯ ಜಾಮ್ ರುಚಿಗೆ ಇಟ್ಟರು. ಅವರ ವರದಿ 2000ದಲ್ಲಿ ಪ್ರಕಟವಾಯಿತು. 24 ಬಗೆ ಇಟ್ಟಾಗ ನಿಂತು ನೋಡಿದವರು ಹೆಚ್ಚು, ಆದರೆ ನಿಂತವರಲ್ಲಿ ಕೊಂಡವರು ನೂರಕ್ಕೆ ಮೂವರು. ಆರೇ ಬಗೆ ಇದ್ದಾಗ ನೂರಕ್ಕೆ ಮೂವತ್ತು ಮಂದಿ ಕೊಂಡರು. ಆದರೆ ಎಲ್ಲ ಕಡೆಯೂ ಹೀಗೇ ಆಗುತ್ತದೆಂದು ತಿಳಿಯಬೇಡಿ. ಮುಂದೆ ಇಂಥ ಅನೇಕ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದವರು, ಕೆಲವೆಡೆ ಗೊಂದಲವೇ ಆಗಲಿಲ್ಲ ಎಂದು ತೋರಿಸಿದರು. ತನಗೇನು ಬೇಕೆಂಬುದು ಖಚಿತವಿಲ್ಲದವರನ್ನೇ ಆಯ್ಕೆಯ ರಾಶಿ ಹೆಚ್ಚಾಗಿ ಕಂಗೆಡಿಸುತ್ತದೆ ಎಂಬುದೂ 2015ರ ಒಂದು ಅಧ್ಯಯನದಲ್ಲಿ ಕಂಡುಬಂತು. ನಮ್ಮ ತಾಯಂದಿರ ಚೀಟಿ ಮಾಡುತ್ತಿದ್ದ ಕೆಲಸ ಇದೇ ಅಲ್ಲವೆ?

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ಬಡವರಿಗೆ ಕಳಪೆ ಸಾಮಾನು ಕಟ್ಟಿಕೊಟ್ಟ ಅಂಗಡಿಗಳಿದ್ದವು. ಜಾತಿ ಕೇಳಿ ದೂರ ನಿಲ್ಲಿಸಿದ ಅಂಗಡಿಗಳೂ ಇದ್ದವು. ಬೆಲೆ ಅಚ್ಚಾದ ಪೊಟ್ಟಣವನ್ನು ತಾನೇ ಎತ್ತಿಕೊಳ್ಳುವುದರಲ್ಲಿ ಒಂದು ಸಮಾನತೆ ಇದೆ, ಅದನ್ನು ಮರೆಯಬಾರದು. ಉಳಿಸಿಕೊಳ್ಳಬೇಕಾದ್ದು ಹಳೆಯ ಅಂಗಡಿಯನ್ನಲ್ಲ, ಹಳೆಯ ಅಳತೆಯನ್ನು.

ಅಳತೆ ಎಂದಾಗ ಹನ್ನೆರಡನೆಯ ಶತಮಾನದ ಕಲ್ಯಾಣ ನೆನಪಾಗುತ್ತದೆ. ಅಕ್ಕಲಕೋಟೆಯವರಿಗೂ ಪಶ್ಚಿಮ ತೆಲಂಗಾಣದವರಿಗೂ ಅದು ದೂರದ ಊರಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಬದುಕಿದ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನಂತೆ. ಹೆಂಡತಿ ಲಕ್ಕಮ್ಮ ಸಂತೋಷಪಡಲಿಲ್ಲ. ಇದು ನಮಗೆ ಬೇಕಾದ್ದಕ್ಕಿಂತ ಹೆಚ್ಚು, ತಂದಲ್ಲೇ ಹಾಕಿ ಬನ್ನಿ ಎಂದು ಹಿಂದಕ್ಕೆ ಕಳಿಸಿದಳಂತೆ. ಆಕೆಯ ಮನೆಯಲ್ಲಿ ಸಿರಿ ಇರಲಿಲ್ಲ. ಆದರೆ ಎಷ್ಟು ಸಾಕು ಎಂಬ ತೀರ್ಮಾನ ಆಕೆಯದೇ ಆಗಿತ್ತು. ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮನೆಗೆ ಎಷ್ಟು ಸಂಪಾದನೆ ಬಂದರೂ ಸಾಲದು, ಕಂತು ಕಟ್ಟುವುದರಲ್ಲೇ ತಿಂಗಳು ಮುಗಿಯುತ್ತದೆ.

ಆದ್ದರಿಂದ ಮುಂದಿನ ಸಲ ಪೇಟೆಗೆ ಹೊರಡುವ ಮುನ್ನ, ಇಲ್ಲವೆ ಮೊಬೈಲು ಕೈಗೆತ್ತಿಕೊಳ್ಳುವ ಮುನ್ನ, ಒಮ್ಮೆ ಅಡಿಗೆಮನೆಗೆ ಹೋಗಿ ಡಬ್ಬಿಗಳನ್ನು ತೆರೆದು ನೋಡಿ. ತೀರಿದ್ದನ್ನು ಚೀಟಿಯಲ್ಲಿ ಬರೆಯಿರಿ. ಸಾಧ್ಯವಾದರೆ ಮಕ್ಕಳ ಕೈಯಲ್ಲಿ ಬರೆಸಿ, ಕನ್ನಡದಲ್ಲೇ ಬರೆಸಿ. ಬೇಳೆ, ಬೆಲ್ಲ, ಸಾಸಿವೆ ಎಂಬ ಮಾತುಗಳು ಅವರ ಕೈಗೂ ಕೂಡಿಬರಲಿ. ಚೀಟಿಯಲ್ಲಿಲ್ಲದ್ದು ಕಣ್ಣಿಗೆ ಬಿದ್ದರೆ, ಅದನ್ನು ಮುಂದಿನ ತಿಂಗಳ ಚೀಟಿಗೆ ಬಿಡಿ. ಆಗಲೂ ಅದು ಬೇಕೆನ್ನಿಸಿದರೆ ಧಾರಾಳವಾಗಿ ತನ್ನಿ.