ಹೋಗಿ ಬರುತ್ತೇನೆಂಬ ಚೀಟಿ

ನಮ್ಮ ಮನೆಗಳಲ್ಲಿ ನೆಂಟನು ಹೊರಡುವಾಗ ‘ಹೋಗುತ್ತೇನೆ’ ಎಂದು ನುಡಿಯುವುದಿಲ್ಲ. ‘ಹೋಗಿ ಬರುತ್ತೇನೆ’ ಎನ್ನುತ್ತಾನೆ. ಬರಿದೆ ‘ಹೋಗುತ್ತೇನೆ’ ಎಂದ ಮಗುವನ್ನು ಹಿರಿಯರು ಕೂಡಲೇ ತಿದ್ದುತ್ತಾರೆ. ಮನುಷ್ಯನಿಗೆ ಬಾಯಿಯುಂಟು, ಈ ಮಾತನ್ನು ಆಡಬಲ್ಲನು. ಗಾಡಿಯ ಮೇಲಿನ ಗಂಟಿಗೆ ಬಾಯಿಲ್ಲ. ಅದು ಒಂದು ನಾಡಿನ ಎಲ್ಲೆಯನ್ನು ದಾಟುವಾಗ, ‘ಇದು ಇಲ್ಲಿ ಉಳಿಯಲು ಬಂದುದಲ್ಲ, ಮಾರಲು ಬಂದುದಲ್ಲ, ಮರಳಿ ಹೋಗತಕ್ಕದ್ದು’ ಎಂದು ಅದರ ಪರವಾಗಿ ಹೇಳುವವರು ಯಾರು? ಒಂದು ಚೀಟಿ ಮಾತ್ರ. ಆ ಚೀಟಿಯ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ. ಅರಸರ ಯುದ್ಧಗಳನ್ನೇ ಇತಿಹಾಸವೆಂದು ಓದುವ ನಮ್ಮ ವಿದ್ಯಾರ್ಥಿಗಳಿಗೆ ಇದು ಅಲ್ಪ ವಿಷಯವೆಂದು ತೋರೀತು. ಆದರೆ ಸೊಲ್ಲಾಪುರ, ಅಕ್ಕಲಕೋಟೆಗಳಂತಹ ಗಡಿನಾಡಿನಲ್ಲಿ ಬಾಳುವ ನಮಗೆ ಯುದ್ಧಕ್ಕಿಂತಲೂ ನಾಕೆಯೇ ಹೆಚ್ಚು ಪರಿಚಿತವಾದುದು.

ಸುಂಕವೆಂಬುದು ಬಹು ಪ್ರಾಚೀನವಾದುದು. ಅದರೊಡನೆ ಗುರುತಿನ ಮುದ್ರೆಯೂ ಅಷ್ಟೇ ಪ್ರಾಚೀನವಾದುದು. ಗಡಿಯನ್ನು ಕಾಯುವ ಅಂತಪಾಲನು ಪರದೇಶದಿಂದ ಬಂದ ವರ್ತಕರ ಸರಕನ್ನು ಪರೀಕ್ಷಿಸಿ, ಗುರುತನ್ನೂ ಮುದ್ರೆಯನ್ನೂ ಹಾಕಿ, ಶುಲ್ಕಾಧ್ಯಕ್ಷನ ಬಳಿಗೆ ಕಳುಹಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಿಧಿಸಲಾಗಿದೆ. ಮುದ್ರೆಯಿಲ್ಲದ ಸರಕಿಗೆ ಸುಂಕದ ಇಮ್ಮಡಿ ದಂಡ. ಸುಳ್ಳು ಮುದ್ರೆಗೆ ಎಂಟು ಮಡಿ ದಂಡ. ಸರಕು ತರುವವನಿಗಿಂತ ಸುಳ್ಳು ಗುರುತನ್ನು ತರುವವನೇ ರಾಜ್ಯಕ್ಕೆ ಹೆಚ್ಚು ಅಪಾಯಕಾರಿ ಎಂಬುದು ಆ ಕಾಲದವರ ತಿಳಿವಳಿಕೆಯಾಗಿತ್ತು.

ಕಲ್ಯಾಣದ ಚಾಲುಕ್ಯರ ಆಳಿಕೆಯಲ್ಲಿ ನಮ್ಮ ಈ ಸೀಮೆಯ ಆಡಳಿತದ ಭಾಷೆ ಕನ್ನಡವಾಗಿತ್ತು. ಅಕ್ಕಲಕೋಟೆಯ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಕಾಣುವ ಕನ್ನಡ ಶಾಸನಗಳೇ ಅದಕ್ಕೆ ಸಾಕ್ಷಿ. ಆ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ದೇವಾಲಯದ ಸೇವೆಗಾಗಿ ಇಷ್ಟು ಎತ್ತುಗಳ ಹೇರಿಗೆ ಸುಂಕವಿಲ್ಲವೆಂದು ಬಿಟ್ಟುಕೊಟ್ಟ ದತ್ತಿಗಳೂ ಉಂಟು. ಎಂದರೆ ಎಲ್ಲ ಹೇರೂ ಒಂದೇ ಅಲ್ಲ, ಯಾವ ಉದ್ದೇಶಕ್ಕೆ ಬಂದಿತೆಂಬುದನ್ನು ನೋಡಿ ಸುಂಕವನ್ನು ನಿರ್ಣಯಿಸಬೇಕು ಎಂಬ ವಿವೇಕವು ಆಗಲೇ ಇದ್ದಿತು. ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ಅದೇ ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೆಂಬೊಬ್ಬನಿದ್ದನು. ಸುಂಕ ವಸೂಲಿಯ ಕಾಯಕದವನಾದ ಆತನು ಆ ಕಾಯಕದ ಮಾತುಗಳನ್ನೇ ಎತ್ತಿಕೊಂಡು ಅಧ್ಯಾತ್ಮವನ್ನು ವಚನಗಳಲ್ಲಿ ಹೇಳಿದನು. ಸುಂಕದ ಕಟ್ಟೆಯ ಮಾತು ಕೇಳುವವರೆಲ್ಲರಿಗೂ ತಿಳಿದಿದ್ದಲ್ಲದೆ ಇದು ಸಾಧ್ಯವಾಗುತ್ತಿರಲಿಲ್ಲ.

ಮುಂದೆ ಪಾರಸಿಯ ಪ್ರಭಾವದ ಕಾಲದಲ್ಲಿ ‘ರಹದಾರಿ’ ಎಂಬ ಶಬ್ದವು ನಮ್ಮ ಭಾಷೆಗೆ ಬಂದಿತು. ದಾರಿಯನ್ನು ಕಾಯುವುದಕ್ಕಾಗಿ ಪ್ರಯಾಣಿಕರಿಂದ ವಸೂಲು ಮಾಡುತ್ತಿದ್ದ ಸುಂಕವೇ ಮೊದಲಿಗೆ ರಹದಾರಿ. ಕಾಲಕ್ರಮದಲ್ಲಿ ದಾಟಿಹೋಗಲು ಕೊಡುವ ಅಪ್ಪಣೆಯ ಚೀಟಿಗೇ ಆ ಹೆಸರು ನಿಂತಿತು. ತಡೆಯುವ ಶಬ್ದವೇ ಬಿಡುವ ಶಬ್ದವಾದುದು ವಿಚಾರಾರ್ಹವಾದ ಸಂಗತಿ. ಸೊಲ್ಲಾಪುರವು 1818ರಲ್ಲಿ ಪೇಶ್ವೆಯರಿಂದ ಕಂಪನಿಯ ಕೈಸೇರಿತು. ಮುಂಬಯಿ ಪ್ರಾಂತದ ಒಳನಾಡಿನ ಸಾಗಣೆ ಸುಂಕಗಳು 1838ರ ಕಾಯಿದೆಯಿಂದ ರದ್ದಾದುವು. 1860ರಲ್ಲಿ ರೈಲು ಸೊಲ್ಲಾಪುರಕ್ಕೆ ಬಂದು, 1871ರಲ್ಲಿ ಅದೇ ಹಾದಿ ರಾಯಚೂರನ್ನು ಮುಟ್ಟಿತು. ಸರಕು ಮುಂಚಿಗಿಂತ ವೇಗವಾಗಿ ಓಡತೊಡಗಿತು. ಆದರೆ ಎಲ್ಲೆಗಳು ಅಳಿಯಲಿಲ್ಲ.

ವಿದ್ಯಾರ್ಥಿಗಳು 1947ರ ಭೂಪಟವೊಂದನ್ನು ತೆಗೆದು ಅಕ್ಕಲಕೋಟೆಯ ಮೇಲೆ ಬೆರಳಿಟ್ಟು ನೋಡಬೇಕು. ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ. ಪಶ್ಚಿಮಕ್ಕೆ ಬ್ರಿಟಿಷರ ಸೊಲ್ಲಾಪುರ ಜಿಲ್ಲೆ. ಉತ್ತರಕ್ಕೆ ನಳದುರ್ಗ, ಪೂರ್ವಕ್ಕೆ ಆಳಂದ. ಇವು ಹೈದರಾಬಾದು ನಿಜಾಮನ ಸೀಮೆ. ದಕ್ಷಿಣಕ್ಕೆ ಭೀಮಾನದಿಯಾಚೆಗೆ ಬ್ರಿಟಿಷರದೇ ವಿಜಾಪುರ ಜಿಲ್ಲೆಯ ಇಂಡಿ. ಒಂದೇ ಭಾಷೆಯನ್ನಾಡುವ, ಒಂದೇ ಜಾತ್ರೆಗೆ ನೆರೆಯುವ, ಹೆಣ್ಣು ಕೊಟ್ಟು ತರುವ ಜನರ ನಡುವೆ ಇಷ್ಟು ಗೆರೆಗಳು! ಇವುಗಳಲ್ಲಿ ನಿಜಾಮನ ಗೆರೆಯೇ ಬಿಗಿಯಾದುದು. ಆತನ ರಾಜ್ಯಕ್ಕೆ ತನ್ನದೇ ನಾಣ್ಯ, ತನ್ನದೇ ಅಂಚೆ, ‘ಕರೋಡಗಿರಿ’ ಎಂಬ ತನ್ನದೇ ಸುಂಕದ ಇಲಾಖೆ. 1802ರಷ್ಟು ಹಿಂದೆಯೇ ಕಂಪನಿಯೊಡನೆ ಆದ ವ್ಯಾಪಾರದ ಒಪ್ಪಂದದಲ್ಲಿ ಸರಕಿನ ಬೆಲೆಯ ಮೇಲೆ ಶೇಕಡಾ 5ರ ಸುಂಕವನ್ನು ಗೊತ್ತುಪಡಿಸಲಾಗಿತ್ತು.

ಸ್ವಾತಂತ್ರ್ಯದ ತರುವಾಯ ಈ ಗೆರೆಗಳು ಒಂದೊಂದಾಗಿ ಅಳಿದುವು. 1948ರ ಮಾರ್ಚಿಯಲ್ಲಿ ಅಕ್ಕಲಕೋಟೆ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು. ಆದರೂ ಸುಂಕದ ಗೆರೆ ಕೂಡಲೇ ಹೋಗಲಿಲ್ಲ. ದೇಶದೊಳಗಿನ ವ್ಯಾಪಾರವು ಮುಕ್ತವಾಗಿರತಕ್ಕದ್ದೆಂದು ಸಂವಿಧಾನದ 301ನೆಯ ಅನುಚ್ಛೇದವು ಸಾರಿದರೂ, ಹೈದರಾಬಾದಿನಂತಹ ರಾಜ್ಯಗಳು ಕೇಂದ್ರದೊಡನೆ ಒಪ್ಪಂದ ಮಾಡಿಕೊಂಡು ತಮ್ಮ ಹಳೆಯ ಸುಂಕವನ್ನು ಕೆಲಕಾಲ ಮುಂದುವರಿಸಲು 306ನೆಯ ಅನುಚ್ಛೇದವು ಎಡೆಗೊಟ್ಟಿತ್ತು. 1956ರಲ್ಲಿ ಏಳನೆಯ ತಿದ್ದುಪಡಿಯಿಂದ ಆ ಅನುಚ್ಛೇದವೇ ಇಲ್ಲವಾಯಿತು. ಅದೇ ವರ್ಷ ಆಳಂದ ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಇತ್ತ ಉಳಿದೆವು. ಹೊಸದೊಂದು ಗೆರೆ ಎದ್ದಿತಾದರೂ ಅದರ ಮೇಲೆ ಸುಂಕದ ಕಟ್ಟೆ ಇರಲಿಲ್ಲವೆಂಬುದು ಸಮಾಧಾನ.

ಆದರೆ ನಾಡಿನ ಸುಂಕ ಹೋದರೂ ನಗರದ ಸುಂಕ ಉಳಿದಿತ್ತು. ಅದನ್ನು ಜಕಾತಿ ಎನ್ನುತ್ತಿದ್ದರು. ಊರಿನೊಳಗೆ ಬಳಕೆಗಾಗಲಿ ಮಾರಾಟಕ್ಕಾಗಲಿ ಬರುವ ಸರಕಿನ ಮೇಲಣ ತೆರಿಗೆಯಿದು. ಊರನ್ನು ಸುಮ್ಮನೆ ಹಾದುಹೋಗುವ ಸರಕಾದರೆ ಒಂದು ನಾಕೆಯಲ್ಲಿ ಅನಾಮತು ಹಣವಿಟ್ಟು ಚೀಟಿ ಪಡೆದು, ಇನ್ನೊಂದು ನಾಕೆಯಲ್ಲಿ ಚೀಟಿ ತೋರಿಸಿ ಹಣವನ್ನು ಮರಳಿ ಪಡೆಯಬಹುದಾಗಿತ್ತು.

ನಾನು ಆರೇಳು ವರ್ಷದವನಿದ್ದಾಗ ನಡೆದುದನ್ನು ಇಲ್ಲಿ ಹೇಳಬೇಕು. ನಮ್ಮ ತಂದೆಯವರು ಮಗ್ಗದ ಕೆಲಸದವರು. ಜಾತ್ರೆಯ ದಿನಗಳಲ್ಲಿ ಚಾದರುಗಳ ಗಂಟನ್ನು ಕಟ್ಟಿಕೊಂಡು ನೆರೆಯೂರುಗಳಿಗೆ ಮಾರಲು ಹೋಗುತ್ತಿದ್ದರು. ಒಂದು ವರ್ಷ ಮಳೆ ಹಿಡಿದು ಜಾತ್ರೆ ಕೆಟ್ಟಿತು. ಒಯ್ದ ಗಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಮರಳಿ ಬಂದಿತು. ನಾಕೆಯಲ್ಲಿ ತಡೆದರು. ಹೊರಡುವಾಗ ಬರೆಸಿಕೊಂಡಿದ್ದ ಚೀಟಿ ಅಂಗಿಯ ಜೇಬಿನಲ್ಲಿ ನೆಂದು ಮುದ್ದೆಯಾಗಿತ್ತು; ಅಕ್ಷರವಾಗಲಿ ಮುದ್ರೆಯಾಗಲಿ ಕಾಣುತ್ತಿರಲಿಲ್ಲ. ‘ಇದು ಇಲ್ಲಿಯೇ ನೇಯ್ದುದು, ಸಾಹೇಬರೆ’ ಎಂದು ತಂದೆಯವರು ಮತ್ತೆ ಮತ್ತೆ ಹೇಳಿದರು. ‘ಕಾಗದ ಹೇಳಲಿ’ ಎಂದು ಉತ್ತರ ಬಂದಿತು. ಕತ್ತಲಾಗುವವರೆಗೆ ಗಂಟಿನ ಮೇಲೆ ಕುಳಿತಿದ್ದು, ಕೊನೆಗೆ ಮಾರಿದ ಹಣದಲ್ಲಿಯೇ ಜಕಾತಿ ಕಟ್ಟಿ ಮನೆಗೆ ಬಂದೆವು. ತನ್ನ ಊರಿನ ಬಟ್ಟೆಯನ್ನು ತನ್ನ ಊರಿಗೆ ತರಲು ತೆರಿಗೆ ತೆತ್ತ ಆ ರಾತ್ರಿ ಅವರು ಊಟ ಮಾಡಲಿಲ್ಲ. ಆ ನಾಕೆಯ ಗುಮಾಸ್ತನು ಕೆಟ್ಟವನೆಂದು ನಾನು ಹೇಳಲಾರೆ. ಆತನ ಮುಂದೆ ಇದ್ದುದು ಒಂದು ಗಂಟು ಮತ್ತು ಒಂದು ಮುದ್ದೆ ಕಾಗದ. ಆದರೆ ಚೀಟಿಯೆಂದರೇನೆಂಬುದು ನನಗೆ ಅಂದು ತಿಳಿಯಿತು. ಮಹಾರಾಷ್ಟ್ರದ ನಗರಗಳಲ್ಲಿ ಜಕಾತಿಯು ಹಂತಹಂತವಾಗಿ ನಿಂತು, 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಸಂಪೂರ್ಣವಾಗಿ ಇಲ್ಲವಾಯಿತು.

ಒಂದು ಊರಿನ ನಾಕೆಯಲ್ಲಿಯೇ ಇಷ್ಟು ತೊಡಕಾದರೆ ದೇಶದೇಶಗಳ ನಡುವೆ ಹೇಗಿದ್ದಿರಬೇಡ! ಮೇಳದಲ್ಲಿ ತೋರಿಸಲು ಒಯ್ದ ವಸ್ತು, ಸಂಗೀತಗಾರನ ವಾದ್ಯ, ವರ್ತಕನ ನಮೂನೆ, ಇವೆಲ್ಲಕ್ಕೂ ಪ್ರತಿಯೊಂದು ದೇಶದಲ್ಲಿಯೂ ಸುಂಕವನ್ನೋ ಅನಾಮತನ್ನೋ ಕಟ್ಟಿ, ಬೇರೆ ಬೇರೆ ಭಾಷೆಯ ಅರ್ಜಿಗಳನ್ನು ತುಂಬಬೇಕಾಗುತ್ತಿತ್ತು. ಇದರ ನಿವಾರಣೆಗಾಗಿ 1961ರ ಡಿಸೆಂಬರ್ 6ರಂದು ಬ್ರಸೆಲ್ಸ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಡಂಬಡಿಕೆಯಾಯಿತು. 1963ರ ಜುಲೈನಿಂದ ಅದು ಜಾರಿಗೆ ಬಂದಿತು. ಅದರ ಫಲವೇ ‘ಎ.ಟಿ.ಎ. ಕಾರ್ನೆ’ ಎಂಬ ಪುಸ್ತಕ. ಕಾರ್ನೆ ಎಂದರೆ ಫ್ರೆಂಚ್ ಭಾಷೆಯಲ್ಲಿ ಕಿರುಪುಸ್ತಕ. ‘ತಾತ್ಕಾಲಿಕ ಪ್ರವೇಶ’ ಎಂಬ ಅರ್ಥದ ಫ್ರೆಂಚ್ ಮತ್ತು ಇಂಗ್ಲಿಷ್ ಪದಗಳ ಮೊದಲಕ್ಷರಗಳು ಸೇರಿ ಎ.ಟಿ.ಎ. ಆಯಿತು. ಭಾರತವು 1989ರಲ್ಲಿ ಈ ಒಡಂಬಡಿಕೆಯನ್ನು ಸೇರಿತು. ಭಾರತೀಯ ವಾಣಿಜ್ಯೋದ್ಯಮ ಸಂಘಗಳ ಒಕ್ಕೂಟವಾದ ಫಿಕ್ಕಿಯು ನಮ್ಮಲ್ಲಿ ಈ ಪುಸ್ತಕವನ್ನು ಕೊಡುತ್ತದೆ, ಅದಕ್ಕೆ ಹೊಣೆಯಾಗಿಯೂ ನಿಲ್ಲುತ್ತದೆ.

ಇದರ ವ್ಯವಸ್ಥೆಯನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಜಾತ್ರೆ ನೆರೆಯುವ ಜನವರಿಯಲ್ಲಿಯೇ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಮನೆಬಳಕೆಯ ಬಟ್ಟೆಗಳ ದೊಡ್ಡ ಮೇಳವೂ ನೆರೆಯುತ್ತದೆ. ನಮ್ಮ ನೇಕಾರನೊಬ್ಬನು ಅಲ್ಲಿ ತೋರಿಸಲು ನಲವತ್ತು ಚಾದರುಗಳನ್ನು ಒಯ್ಯುತ್ತಾನೆಂದು ಭಾವಿಸೋಣ. ಪುಸ್ತಕದಲ್ಲಿ ಪ್ರತಿಯೊಂದರ ವಿವರ, ಎಣಿಕೆ, ತೂಕ, ಬೆಲೆಗಳನ್ನು ಬರೆಯಬೇಕು. ಒಮ್ಮೆ ಪುಸ್ತಕ ಕೈಗೆ ಬಂದ ಮೇಲೆ ಪಟ್ಟಿಗೆ ಒಂದು ಕರವಸ್ತ್ರವನ್ನೂ ಸೇರಿಸುವಂತಿಲ್ಲ. ಮುಂಬಯಿಯನ್ನು ಬಿಡುವಾಗ ಒಂದು ಮುದ್ರೆ, ಜರ್ಮನಿಯನ್ನು ಹೊಗುವಾಗ ಒಂದು, ಅಲ್ಲಿಂದ ಹೊರಡುವಾಗ ಒಂದು, ಮರಳಿ ಮುಂಬಯಿಯಲ್ಲಿ ಇಳಿದಾಗ ಒಂದು. ಈ ನಾಲ್ಕು ಮುದ್ರೆಗಳೂ ಕೂಡಿದರೆ ಎಲ್ಲಿಯೂ ಸುಂಕವಿಲ್ಲ. ಪುಸ್ತಕದ ಆಯುಷ್ಯ ಹೆಚ್ಚೆಂದರೆ ಒಂದು ವರ್ಷ. ನಲವತ್ತರಲ್ಲಿ ಎರಡನ್ನು ಅಲ್ಲಿಯೇ ಮಾರಿ ಬಂದರೆ ಆ ಎರಡಕ್ಕೆ ಸುಂಕವನ್ನು ತೆರಲೇಬೇಕು. ತಿಂದು ಮುಗಿಸುವ, ಉಪಯೋಗಿಸಿ ತೀರಿಸುವ ಪದಾರ್ಥಗಳಿಗೆ ಈ ಸೌಲಭ್ಯವಿಲ್ಲ; ಏಕೆಂದರೆ ಅವು ‘ಹೋಗಿ ಬರುತ್ತೇನೆ’ ಎನ್ನಲಾರವು.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಸರಕು ಮರಳದಿದ್ದರೆ ಹೊರನಾಡಿನ ಸುಂಕವನ್ನು ತೆರುವವರು ಯಾರು? ಹೊಣೆ ನಿಂತ ಸಂಸ್ಥೆಯು ಮೊದಲು ತೆತ್ತು, ಆಮೇಲೆ ಪುಸ್ತಕ ಪಡೆದವನಿಂದ ವಸೂಲು ಮಾಡುತ್ತದೆ. ಆದುದರಿಂದ ಪುಸ್ತಕ ಕೊಡುವಾಗಲೇ ಆತನಿಂದ ಭದ್ರತೆಯನ್ನು ಕೇಳುತ್ತದೆ. ಇದು ನ್ಯಾಯವಾದುದೇ. ಆದರೆ ಭದ್ರತೆಗೆ ಹಣವಿದ್ದವನಿಗೆ ಇದು ತೆರೆದ ಬಾಗಿಲು; ದಿನದ ನೇಯ್ಗೆಯಿಂದ ದಿನದ ಅನ್ನ ಕಾಣುವವನಿಗೆ ಮುಚ್ಚಿದ ಬಾಗಿಲೇ ಸರಿ. ಅಂತಪಾಲನ ಮುದ್ರೆಯಿಂದ ಈ ಕಿರುಪುಸ್ತಕದವರೆಗೆ ಎರಡು ಸಾವಿರ ವರ್ಷಗಳಲ್ಲಿ ಚೀಟಿಯ ರೂಪ ಬದಲಾಗಿದೆ, ಭಾಷೆ ಬದಲಾಗಿದೆ. ಆದರೆ ಬಡವನ ಮಾತಿಗೆ ಜಾಮೀನು ಯಾರೆಂಬ ಪ್ರಶ್ನೆ ಬದಲಾಗಿಲ್ಲ. ಅಯ್ಯಾವೊಳೆಯ ಐನೂರ್ವರು ಸಂಘವಾಗಿ ದೇಶದೇಶಗಳಲ್ಲಿ ವ್ಯಾಪಾರ ಮಾಡಿದರೆಂಬುದನ್ನು ನಾವು ಅಭಿಮಾನದಿಂದ ಓದುತ್ತೇವೆ. ಹಾಗೆಯೇ ನಮ್ಮ ನೇಕಾರರ ಸಹಕಾರಿ ಸಂಘಗಳು ತಮ್ಮ ಸದಸ್ಯನೊಬ್ಬನಿಗಾಗಿ ಭದ್ರತೆಯ ಹಣವನ್ನು ಕಟ್ಟಲು ಮುಂದಾದರೆ, ಆ ಅಭಿಮಾನಕ್ಕೆ ಇಂದಿಗೂ ಅರ್ಥ ಬಂದೀತು.

ನಮ್ಮ ಶಾಲೆಯ ಪುಸ್ತಕ ಭಂಡಾರದಲ್ಲಿ ಒಂದು ವಹಿಯುಂಟು. ಒಯ್ದ ದಿನ, ಮರಳಿಸಿದ ದಿನ, ಸಹಿ, ಇಷ್ಟೇ ಅದರಲ್ಲಿರುವುದು. ಮೂರನೆಯ ತರಗತಿಯ ಮಕ್ಕಳು ಅದರಲ್ಲಿ ತಮ್ಮ ಹೆಸರನ್ನು ಬಹು ಗಂಭೀರವಾಗಿ ಬರೆಯುತ್ತಾರೆ. ಭದ್ರತೆಯ ಹಣವನ್ನು ನಾನು ಯಾರಿಂದಲೂ ಕೇಳಿಲ್ಲ. ಮಳೆಗಾಲದಲ್ಲಿ ಮಾತ್ರ ಆ ವಹಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀರುವಿನ ಮೇಲಣ ಅರೆಯಲ್ಲಿ ಇಡುತ್ತೇನೆ.