ಶ್ರುತಿ ಇಳಿಸಿದ ಹಾಡು

ನಮ್ಮ ಗಾಯಕನು ತನ್ನ ಕಂಠಕ್ಕೊಪ್ಪುವ ಶ್ರುತಿಯನ್ನು ಹಿಡಿದರೆ ತಂಬೂರಿ, ಪಿಟೀಲುಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಪಿಯಾನೋವಿನ ತಂತಿಗಳನ್ನಾದರೋ ಹಾಡಿಗೊಮ್ಮೆ ಬಿಗಿಯಲಾಗದು; ಬೆರಳುಗಳೇ ಸರಿಯಬೇಕು. ಇದರ ತೊಡಕು ವಿಯೆನ್ನಾದ ಷೂಬರ್ಟನು 1815ರಲ್ಲಿ ರಚಿಸಿ, 1821ರಲ್ಲಿ ಮುದ್ರಿತವಾದ 'ಎರ್ಲ್‌ಕ್ಯೋನಿಗ್' ಗೀತದಲ್ಲಿ ಚೆನ್ನಾಗಿ ಕಾಣುವುದು. ಅದು ಜಿ ಮೈನರಿನದು. ಕುದುರೆಯ ಓಟವೆಲ್ಲ ಬಲಗೈಯ ಎಡೆಬಿಡದ ಬಡಿತದಲ್ಲಿದೆ. ಲಂಡನ್ನಿನಲ್ಲಿ 1889ರಲ್ಲಿ ಸ್ಥಾಪಿತವಾದ ಸಂಗೀತ ಪರೀಕ್ಷಾ ಮಂಡಲಿಯು ಸಾಮಾನ್ಯವಾಗಿ ಕಂಠಕ್ಕೊಪ್ಪುವ ಯಾವ ಶ್ರುತಿಯಲ್ಲಾದರೂ ಹಾಡಗೊಡುತ್ತದೆ. ಮಂದ್ರಕಂಠದ ಅಭ್ಯರ್ಥಿಗಾಗಿ ಈ ಗೀತವನ್ನು ಮೂರು ಅರೆಸ್ವರ ಇಳಿಸಿದರೆ ಇ ಮೈನರಾಗುತ್ತದೆ. ಗಾಯಕನಿಗೇನೋ ಸುಖ; ಪಕ್ಕವಾದ್ಯದವನಿಗೆ ಕರಿ-ಬಿಳಿ ಮನೆಗಳ ಸಾಲೇ ಬೇರೆ, ಎಡಗೈಯ ಗುಡುಗೂ ಇನ್ನಷ್ಟು ತಗ್ಗಿ ಮಸುಕಾಗುತ್ತದೆ. ಇಳಿಸಿ ಅಚ್ಚುಮಾಡಿದ ಪ್ರತಿ ದೊರೆತರೆ ಓದುವ ಕಷ್ಟ ತಪ್ಪೀತು. ಆ ಮಸುಕು ತಪ್ಪದು.