ವಸಯಿಯ ಪರಂಗಿ ಪಟ್ಟಣ

ವಿದೇಶ ಪ್ರವಾಸವೆಂಬುದು ಮುಂಬಯಿಯ ನಮ್ಮವರಿಗೆ ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಕ್ಕಳು ಹೊರದೇಶಗಳಲ್ಲಿ ನೆಲೆಯೂರಿದ ಮೇಲೆ ಗಂಡ ಹೆಂಡತಿ ಇಬ್ಬರೇ ಲಿಸ್ಬನ್, ರೋಮ್ ಎಂದು ನಾಲ್ಕು ದಿನ ಸುತ್ತಾಡಿ ಬರುವುದು ನಡೆದೇ ಇದೆ. ಸಂತೋಷ. ಆದರೆ ಚರ್ಚ್‌ಗೇಟಿನಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ವಿರಾರ್ ಲೋಕಲ್ ಹಿಡಿದರೆ ಸಿಗುವಷ್ಟು ಹತ್ತಿರದಲ್ಲಿ, ಯುರೋಪಿನವರೇ ಕಟ್ಟಿ, ಇನ್ನೂರು ವರ್ಷ ಬಾಳಿ, ಕೊನೆಗೆ ಕೆಲವೇ ದಿನಗಳಲ್ಲಿ ಬಿಟ್ಟುಹೋದ ಒಂದು ನಗರವಿದೆ. ವಸಯಿಯಲ್ಲಿ ಸಂಸಾರ ಹೂಡಿರುವ ನಮ್ಮವರೇ ಎಷ್ಟೋ ಮಂದಿ ಅದನ್ನು ಸಿನೆಮಾ ಹಾಡುಗಳಲ್ಲಿ ಕಂಡವರೇ ಹೊರತು ಕಾಲಿಟ್ಟು ನೋಡಿದವರಲ್ಲ. ಕಳೆದ ಚಳಿಗಾಲದಲ್ಲಿ ನಾನೂ ನನ್ನಾಕೆಯೂ ಒಂದು ಶನಿವಾರ ಸಂಜೆ ವಸಯಿಯ ನೆಂಟರ ಮನೆಗೆ ಹೋಗಿ ಉಳಿದು, ಮರುದಿನವನ್ನೆಲ್ಲ ಈ ಕೋಟೆಗಾಗಿಯೇ ಮೀಸಲಿಟ್ಟೆವು.

ವಸಯಿ ಪೋರ್ತುಗೀಸರ ಕೈಸೇರಿದ್ದು 1534ರ ಡಿಸೆಂಬರ್ 23ರ ಒಪ್ಪಂದದಿಂದ. ಗುಜರಾತಿನ ಸುಲ್ತಾನ ಬಹಾದೂರ್ ಶಾಹನಿಗೆ ಆಗ ಮೊಗಲ ಹುಮಾಯೂನನ ಭಯ. ಸಮುದ್ರದ ಕಡೆಯಿಂದಲಾದರೂ ನೆಮ್ಮದಿ ಇರಲೆಂದು ಅವನು ಗವರ್ನರ್ ನುನೋ ದ ಕುನ್ಹಾನಿಗೆ ವಸಯಿಯನ್ನೂ ಅದಕ್ಕೆ ಸೇರಿದ ದ್ವೀಪಗಳನ್ನೂ ಬಿಟ್ಟುಕೊಟ್ಟ. ಆ ದ್ವೀಪಗಳಲ್ಲಿ ಒಂದು ನಮ್ಮ ಮುಂಬಯಿ! ಇಂದು ವಸಯಿ ಮುಂಬಯಿಯ ಉಪನಗರ. ಅಂದು ಮುಂಬಯಿಯೇ ವಸಯಿಯ ಒಂದು ಮೂಲೆ. ಔಷಧಿ ಗಿಡಮೂಲಿಕೆಗಳ ಬಗ್ಗೆ 1563ರಲ್ಲಿ ಗೋವೆಯಲ್ಲಿ ಗ್ರಂಥ ಮುದ್ರಿಸಿದ ವೈದ್ಯ ಗಾರ್ಸಿಯಾ ದ ಓರ್ತಾ ಈ ದ್ವೀಪವನ್ನು ವಾರ್ಷಿಕ ಗೇಣಿಗೆ ಹಿಡಿದಿದ್ದ. 1661ರ ಮದುವೆಯ ಕರಾರಿನಂತೆ ಅದು ಇಂಗ್ಲೆಂಡಿನ ದೊರೆಗೆ ಬಳುವಳಿಯಾಗಿ ಹೋಯಿತು. ಬಳುವಳಿ ಕೊಟ್ಟವರಿಗೆ ಅದರ ಬೆಲೆ ತಿಳಿದಿರಲಿಲ್ಲ.

ವಸಯಿ ರೋಡ್ ನಿಲ್ದಾಣದಿಂದ ಏಳೆಂಟು ಕಿಲೋಮೀಟರ್ ಹೋದರೆ ಕಿಲ್ಲಾ ಬಂದರು. ಕೋಟೆಗೆ ಮುಖ್ಯವಾಗಿ ಎರಡು ಬಾಗಿಲುಗಳು, ಒಂದು ನೆಲದ ಕಡೆಗೆ, ಇನ್ನೊಂದು ಸಮುದ್ರದ ಕಡೆಗೆ. ಒಳಗಿನ ವಿಸ್ತಾರ ಸುಮಾರು 110 ಎಕರೆ. ನಮ್ಮ ಚಿತ್ರದುರ್ಗದಂಥ ಕೋಟೆಗಳನ್ನು ನೋಡಿದ ಕಣ್ಣಿಗೆ ಇಲ್ಲಿ ಮೊದಲು ಹೊಳೆಯುವುದು, ಇದು ದೊರೆಯೊಬ್ಬನ ಕೋಟೆಯಲ್ಲ, ಪೇಟೆ ಬೀದಿಗಳಿದ್ದ ಒಂದು ಊರು ಎಂಬುದು. ಗೋವೆಯ ನಂತರ ಪೋರ್ತುಗೀಸರಿಗೆ ಇದೇ ದೊಡ್ಡ ಠಾಣೆ. ಉತ್ತರ ಪ್ರಾಂತದ ಜನರಲ್ ಇಲ್ಲಿಯೇ ಇರುತ್ತಿದ್ದುದರಿಂದ ಇದಕ್ಕೆ ‘ಉತ್ತರದ ಆಸ್ಥಾನ’ ಎಂಬ ಬಿರುದೂ ಇತ್ತು. ಸುತ್ತಲಿನ ಹಳ್ಳಿಗಳನ್ನು ಕುಲೀನ ಮನೆತನಗಳಿಗೆ ಹಂಚಿಕೊಟ್ಟಿದ್ದರು. ಅದಕ್ಕೆ ಬದಲಾಗಿ ಅವರು ಸರಕಾರಕ್ಕೆ ಗೇಣಿ ಕಟ್ಟಬೇಕು, ಯುದ್ಧ ಬಂದರೆ ಕುದುರೆ ಬಂದೂಕುಗಳೊಂದಿಗೆ ಹಾಜರಾಗಬೇಕು. ಹಳ್ಳಿಯ ಬತ್ತ, ಕಬ್ಬು, ತೆಂಗುಗಳ ಹಣವೆಲ್ಲ ಗೋಡೆಯೊಳಗಿನ ಮನೆಗಳಿಗೆ ಹರಿದುಬರುತ್ತಿತ್ತು. 1675ರಲ್ಲಿ ಬಂದಿದ್ದ ಇಂಗ್ಲಿಷ್ ವೈದ್ಯ ಜಾನ್ ಫ್ರಾಯರ್ ಇಲ್ಲಿನ ಎರಡಂತಸ್ತಿನ ಮನೆಗಳನ್ನೂ ಮುಚ್ಚಿದ ಮೊಗಸಾಲೆಗಳನ್ನೂ ಗಾಜಿಗೆ ಬದಲಾಗಿ ಕಪ್ಪೆಚಿಪ್ಪಿನ ಬಿಲ್ಲೆಗಳನ್ನು ಕೂರಿಸಿದ ಕಿಟಕಿಗಳನ್ನೂ ಕಂಡು ಬರೆದಿದ್ದಾನೆ.

ಆ ಮನೆಗಳು ಈಗ ಇಲ್ಲ. ಉಳಿದಿರುವುದು ಬಹುಮಟ್ಟಿಗೆ ಇಗರ್ಜಿಗಳ ಗೋಡೆಗಳು. ಜೆಸುಯಿಟರದು, ಫ್ರಾನ್ಸಿಸ್ಕನ್ನರದು, ಡೊಮಿನಿಕನ್ನರದು, ಅಗಸ್ಟೀನಿಯನ್ನರದು, ಇವಲ್ಲದೆ 1601ರಲ್ಲಿ ದೊಡ್ಡದು ಮಾಡಿದ ಸಂತ ಜೋಸೆಫರ ಮುಖ್ಯ ಇಗರ್ಜಿ. ಒಂದಾದ ಮೇಲೊಂದು ನೋಡುತ್ತ ನಡೆದ ನನ್ನಾಕೆ, “ಅಲ್ಲ, ಇಷ್ಟು ಚಿಕ್ಕ ಊರಿಗೆ ಇಷ್ಟೊಂದು ಇಗರ್ಜಿ ಯಾಕೆ ಬೇಕಿತ್ತು ಹೇಳಿ?” ಎಂದಳು. ನಮ್ಮ ಉಡುಪಿಯಲ್ಲಿ ಎಂಟು ಮಠ ಇಲ್ಲವೇ ಎಂದೆ. “ಆ ಎಂಟಕ್ಕೂ ದೇವರೊಬ್ಬನೇ, ಪೂಜೆ ಸರದಿಯಲ್ಲಿ. ಇಲ್ಲಿ ಹಾಗೆ ಕಾಣುವುದಿಲ್ಲವಲ್ಲ” ಎಂದು ಅವಳು ಬಿಡಲಿಲ್ಲ. ಮಾತು ಸರಿಯೇ. ಪ್ರತಿಯೊಂದು ಪಂಗಡಕ್ಕೂ ತನ್ನದೇ ಮಠ, ತನ್ನದೇ ಆಸ್ತಿ. ಫ್ರಾನ್ಸಿಸ್ಕನ್ನರ ಇಗರ್ಜಿಯಲ್ಲಂತೂ ನೆಲವೆಲ್ಲ ಗೋರಿಕಲ್ಲುಗಳೇ. ಮನೆತನದ ಲಾಂಛನಗಳೂ ಹೆಸರುಗಳೂ ಪೋರ್ತುಗೀಸ್ ಅಕ್ಷರದಲ್ಲಿ ಇನ್ನೂ ಓದಬರುತ್ತವೆ. ಸೂರು ಹಾರಿಹೋಗಿರುವುದರಿಂದ ಪ್ರತಿ ಮಳೆಗಾಲವೂ ಆ ಅಕ್ಷರಗಳನ್ನು ಸ್ವಲ್ಪ ಸ್ವಲ್ಪವೇ ಸವೆಸುತ್ತಿದೆ.

ಇಲ್ಲಿ ನಮ್ಮ ಕರಾವಳಿಯ ನೆನಪಾಗದೆ ಇರದು. 1568-69ರಲ್ಲಿ ವೈಸರಾಯ್ ಲುಯೀಸ್ ದ ಅತಾಯಿದೆಯ ಕಾಲದಲ್ಲಿ ಇದೇ ಪೋರ್ತುಗೀಸರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿಯೂ ಕೋಟೆ ಕಟ್ಟಿದರು. ಕನ್ನಡ ನಾಡಿನ ಅಕ್ಕಿ, ಮೆಣಸು ಅವರಿಗೆ ಬೇಕಾಗಿತ್ತು. ಆದರೆ ಅಲ್ಲಿ ಅವರದು ಬಂದರಿನ ಬಾಯಲ್ಲಿ ಕುಳಿತ ಸುಂಕದ ಕಟ್ಟೆ. ಬೆನ್ನಿಗಿದ್ದ ಗದ್ದೆ ತೋಟಗಳು ನಮ್ಮ ಅರಸರವು. 1650ರ ದಶಕದ ಮೊದಲಲ್ಲಿ ಕೆಳದಿಯ ಶಿವಪ್ಪ ನಾಯಕ ಎರಡು ಮೂರು ವರ್ಷಗಳಲ್ಲಿ ಆ ಮೂರನ್ನೂ ಕಿತ್ತುಕೊಂಡ. ವಸಯಿಯಲ್ಲಿ ಬೆನ್ನಿಗಿದ್ದ ನೆಲವೂ ಅವರದೇ. ಆದ್ದರಿಂದಲೇ ಇಲ್ಲಿ ಊರು ಬೆಳೆಯಿತು, ಬಸರೂರಿನಲ್ಲಿ ಬೆಳೆಯಲಿಲ್ಲ. ಇಲ್ಲಿನ ಕಪ್ಪು ಕಲ್ಲು ಹಡಗೇರಿ ಗೋವೆಗೆ ಹೋಗಿ ಬೋಂ ಜೇಸುಸ್ ಇಗರ್ಜಿಯ ಮುಂಭಾಗಕ್ಕೂ ಒದಗಿದೆ.

ಆದರೆ ಗೋಡೆಯ ಹೊರಗಿನವರ ಪಾಡು ಬೇರೆ. ದೇವಸ್ಥಾನಗಳನ್ನು ಕೆಡವಿದ್ದೂ ಮತ ಬದಲಿಸುವಂತೆ ಒತ್ತಾಯಿಸಿದ್ದೂ ಸುಳ್ಳಲ್ಲ. ಒಳಗೆ ವಾಸಿಸುವುದು ಕುಲೀನ ಪೋರ್ತುಗೀಸರ ಹಕ್ಕು. ಒಕ್ಕಲು, ಬೆಸ್ತ, ಕಸುಬುದಾರ ಹೊರಗೆ. 1674ರಲ್ಲಿ ಮಸ್ಕತಿನ ಕಡೆಯ 600 ಅರಬರು ದಡಕ್ಕಿಳಿದು ಹೊರಗಿನ ಇಗರ್ಜಿಗಳನ್ನು ದೋಚಿದಾಗ ಕೋಟೆಯ ಸೈನಿಕರು ಬಾಗಿಲು ತೆರೆದು ಹೊರಬರಲಿಲ್ಲ. 1695ರಲ್ಲಿ ಬಂದ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಕಂಡದ್ದು ಹೊರಗೆ ಸೊಗಸಾದ ತೋಟಗಳ ಸಾಲನ್ನು, ಒಳಗೆ ಪಿಡುಗಿನಿಂದ ಅರೆಬರಿದಾದ ಊರನ್ನು. ಗೋಡೆ ಗಟ್ಟಿಯಿತ್ತು, ಒಳಗಿನ ಜೀವ ಆಗಲೇ ಕುಗ್ಗಿತ್ತು.

1737ರಲ್ಲಿ ಠಾಣೆಯೂ ಸಾಷ್ಟಿಯೂ ಮರಾಠರ ವಶವಾದವು. 1739ರ ಫೆಬ್ರವರಿಯಲ್ಲಿ ಬಾಜಿರಾಯನ ತಮ್ಮ ಚಿಮಾಜಿ ಅಪ್ಪ ವಸಯಿಗೆ ಮುತ್ತಿಗೆ ಹಾಕಿದ. ಗೋವೆಯಿಂದ ನೆರವು ಬಾರದಂತೆ ವೆಂಕಟರಾವ್ ಘೋರ್ಪಡೆ ಅದೇ ವೇಳೆಗೆ ಗೋವೆಯ ಮೇಲೆಯೇ ಏರಿಹೋಗಿದ್ದ. ಮೂರು ತಿಂಗಳ ಹೋರಾಟದಲ್ಲಿ ಸಾವಿರಾರು ಮರಾಠರು ಬಿದ್ದರು. ಕೊನೆಗೆ ಮೇ ತಿಂಗಳಲ್ಲಿ ಸಂತ ಸೆಬಾಸ್ಟಿಯನ್ ಬುರುಜಿನ ಬುಡಕ್ಕೆ ಸುರಂಗ ತೋಡಿ ಮದ್ದು ಸಿಡಿಸಿ ಗೋಡೆ ಒಡೆದರು. ಶರಣಾಗತಿಯ ಷರತ್ತುಗಳು ಉದಾರವಾಗಿದ್ದವು: ಸೈನಿಕರು ಆಯುಧ ಸಮೇತ ನಗಾರಿ ಬಾರಿಸುತ್ತ ಹೊರಡಬಹುದು, ನಾಗರಿಕರು ಸಾಮಾನು ಸರಂಜಾಮಿನೊಂದಿಗೆ ಹೋಗಬಹುದು, ಉಳಿಯುವ ಕ್ರೈಸ್ತರು ತಮ್ಮ ಮತವನ್ನು ನಡೆಸಿಕೊಂಡು ಹೋಗಬಹುದು. ಸಮುದ್ರದ ಬಾಗಿಲಿನ ಬಳಿ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಸೋತ ಸೇನಾಪತಿಯಲ್ಲ. ಇನ್ನೂರು ವರ್ಷದ ಮನೆಯಿಂದ ಯಾವ ಪೆಟ್ಟಿಗೆ ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ತಿಳಿಯದೆ ನಿಂತ ಹೆಂಗಸರು. ಊರು ಬಿಟ್ಟು ಬಂದ ನಮ್ಮಂಥವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಗರ್ಜಿಯ ಗಂಟೆಗಳು ಮರಾಠರಿಗೆ ವಿಜಯದ ಕುರುಹಾದವು. ನಾಸಿಕದ ನಾರೋಶಂಕರ ದೇವಾಲಯದಲ್ಲಿ 1721ರ ಗಂಟೆ ಇದೆ; ವಾಯಿ ಹತ್ತಿರದ ಮೇಣವಲಿಯಲ್ಲಿ 1707ರದು. ಕೋಟೆ ಗೆದ್ದರೆ ಗುಡಿ ಕಟ್ಟಿಸುವೆನೆಂದು ಚಿಮಾಜಿ ಹರಕೆ ಹೊತ್ತ ದೇವಿಯೇ ವಜ್ರೇಶ್ವರಿ. ಗಣೇಶಪುರಿಯ ನಿತ್ಯಾನಂದ ಸ್ವಾಮಿಗಳ ಸನ್ನಿಧಿಗೆ ಹೋಗುವ ನಮ್ಮವರೆಲ್ಲ ದಾರಿಯಲ್ಲಿ ಮೆಟ್ಟಿಲು ಹತ್ತಿ ಕೈಮುಗಿಯುವ ಆ ಗುಡಿಯ ಮುಂಭಾಗ ಕೋಟೆಯ ಬುರುಜಿನಂತಿರುವುದು ಸುಮ್ಮನೆ ಅಲ್ಲ.

ಮುಂದಿನ ಕತೆ ಚಿಕ್ಕದು. 1780ರಲ್ಲಿ ಜನರಲ್ ಗೊಡಾರ್ಡ್ ಹಿಡಿದ, ಸಾಲ್ಬಾಯಿ ಒಪ್ಪಂದದಂತೆ ಮರಾಠರಿಗೆ ಮರಳಿತು. 1802ರ ಡಿಸೆಂಬರ್ 31ರಂದು ಎರಡನೆಯ ಬಾಜಿರಾಯ ಇಲ್ಲಿಯೇ ಇಂಗ್ಲಿಷರೊಂದಿಗೆ ಸಹಿ ಹಾಕಿ ತನ್ನ ಸ್ವಾತಂತ್ರ್ಯವನ್ನು ಒಪ್ಪಿಸಿದ.

ನನಗೆ ಕುತೂಹಲ ಹುಟ್ಟಿಸಿದ್ದು ಉಳಿದವರ ಸಂಗತಿ. ಕುಲೀನರು ಹಡಗು ಹತ್ತಿದರು. ಒಕ್ಕಲಿಗ, ಬೆಸ್ತ ಕ್ರೈಸ್ತರು ಅಲ್ಲೇ ನಿಂತರು. ಮತ ಉಳಿಯಿತು, ಗೊನ್ಸಾಲ್ವಿಸ್, ಡಿಸೋಜಾ ಎಂಬ ಹೆಸರುಗಳೂ ಉಳಿದವು, ಆದರೆ ಮನೆಮಾತಾಗಿ ಪೋರ್ತುಗೀಸ್ ಉಳಿಯಲಿಲ್ಲ. ಸಾಮವೇದಿ ಕ್ರೈಸ್ತರು ತಮ್ಮದೇ ನುಡಿಯನ್ನು, ಮರಾಠಿಯನ್ನು ಬಿಡದೆ ನಡೆಸಿಕೊಂಡು ಬಂದರು. ಈ ವಸಯಿಯಲ್ಲೇ ಹುಟ್ಟಿದ ಪಾದ್ರಿ ಫ್ರಾನ್ಸಿಸ್ ದಿಬ್ರಿಟೋ ಅವರು ಮರಾಠಿಗೆ ಮಾಡಿದ ಬೈಬಲ್ ಅನುವಾದಕ್ಕೆ ಸಾಹಿತ್ಯ ಅಕಾಡೆಮಿ ಪುರಸ್ಕಾರ ಬಂತು. 2020ರ ಜನವರಿಯಲ್ಲಿ ಉಸ್ಮಾನಾಬಾದಿನ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 2024ರಲ್ಲಿ ಅವರು ತೀರಿಕೊಂಡರು. ಇದಕ್ಕೆ ತದ್ವಿರುದ್ಧ ರೇವದಂಡಾ ಬಳಿಯ ಕೊರ್ಲಾಯಿ. 1740ರಲ್ಲಿ ಪೋರ್ತುಗೀಸರು ಆ ಕೋಟೆಯನ್ನೂ ಬಿಟ್ಟರು, ಆದರೆ ಬುಡದ ಹಳ್ಳಿಯ ಕೆಲವು ನೂರು ಮಂದಿ ಇಂದಿಗೂ ಮನೆಯಲ್ಲಿ ಪೋರ್ತುಗೀಸಿನಿಂದ ಹುಟ್ಟಿದ ಮಿಶ್ರಭಾಷೆಯನ್ನೇ ಆಡುತ್ತಾರೆ. ಶಾಲೆಯಿಲ್ಲ, ಪುಸ್ತಕವಿಲ್ಲ, ಹಿಂದೆ ಸರಕಾರವಿಲ್ಲ. ತಾಯಂದಿರು ಮಕ್ಕಳಿಗೆ ಆಡಿದರು, ಅಷ್ಟೇ. ನಮ್ಮ ಬಾಯಲ್ಲೂ ಅವರು ಬಿಟ್ಟುಹೋದ ಮಾತುಗಳಿಗೆ ಕಡಿಮೆಯಿಲ್ಲ: ಇಗರ್ಜಿ, ಪಾದ್ರಿ, ಚಾವಿ, ಬಟಾಟೆ. ತಿಂಗಳ ಮೊದಲ ತಾರೀಕಿನಂದು ನಾವು ಎದುರು ನೋಡುವ ಪಗಾರವೂ ಅವರದೇ.

ನೋಡಬಯಸುವ ದಂಪತಿಗಳು ಬೆಳಿಗ್ಗೆಯೇ ಹೊರಡುವುದು ಒಳಿತು. ನೀರು, ಬುತ್ತಿ ಜೊತೆಗಿರಲಿ, ಗಟ್ಟಿ ಚಪ್ಪಲಿ ಇರಲಿ. ಜೆಸುಯಿಟರ ಇಗರ್ಜಿಯನ್ನು ಮಾತ್ರ ಮತ್ತೆ ದುರಸ್ತಿ ಮಾಡಿ ಗೊನ್ಸಾಲೋ ಗಾರ್ಸಿಯಾ ಸಂತನ ಹೆಸರಿನಲ್ಲಿ ನಡೆಸುತ್ತಿದ್ದಾರೆ. ಇಲ್ಲಿಯೇ ಹುಟ್ಟಿದ ಈತ ಪೋರ್ತುಗೀಸ್ ತಂದೆಯ, ಇಲ್ಲಿನ ತಾಯಿಯ ಮಗ. 1597ರಲ್ಲಿ ಜಪಾನಿನ ನಾಗಸಾಕಿಯಲ್ಲಿ ಶಿಲುಬೆಗೇರಿದ ಈತನನ್ನು 1862ರಲ್ಲಿ ಸಂತನೆಂದು ಘೋಷಿಸಿದರು. ಹಿಂತಿರುಗುವಾಗ ರೈಲಿನ ನೂಕುನುಗ್ಗಲು ಬೇಡವೆನ್ನುವವರಿಗೆ 2024ರಲ್ಲಿ ವಸಯಿ ಮತ್ತು ಭಾಯಂದರ್ ನಡುವೆ ರೋ-ರೋ ದೋಣಿಯೂ ಆರಂಭವಾಗಿದೆ. ದೋಣಿ ಕಟ್ಟುವ ಜೆಟ್ಟಿ ಕೋಟೆಯ ಮಗ್ಗುಲಲ್ಲೇ ಇದೆ.